ಆರು ಅನಾನಸಿನ ಡಾಯ್ಲಿ: ಹದಿನೈದು ಸುತ್ತು, ಎರಡು ಸಲ ಬಿಚ್ಚಿದ್ದು

ಚಾವಡಿಯ ಮೇಜಿನ ಮೇಲೆ ದೀಪದ ಕೆಳಗೋ ಹೂದಾನಿಯ ಕೆಳಗೋ ಹಾಸುವ ದುಂಡನೆಯ ಕ್ರೋಶಾ ಡಾಯ್ಲಿ ಇದು. ನಡುವೆ ಜೇಡನ ಬಲೆ, ಸುತ್ತ ಅನಾನಸಿನ ಆಕಾರದ ಆರು ಚಿತ್ತಾರ, ಅಂಚಿನಲ್ಲಿ 18 ಬೀಸಣಿಗೆ. ಪಿನ್ನು ಚುಚ್ಚಿ ಒಣಗಿಸಿದ ಮೇಲೆ ಅಡ್ಡಳತೆ 17 ಸೆಂಟಿಮೀಟರ್. ಕಾಸರಗೋಡಿನ ಮಳೆಗಾಲದಲ್ಲಿ ಹೆಣೆದದ್ದಾದ್ದರಿಂದ ಒಣಗಿಸುವುದಕ್ಕೂ ಗಂಜಿಗೂ ಇಲ್ಲಿ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದೆ.

ಮೊದಲೇ ಹೇಳಬೇಕಾದ ಮಾತು ಒಂದಿದೆ. ಡಾಯ್ಲಿ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವುದು ಲೆಕ್ಕದಿಂದ, ಗಂಜಿಯಿಂದಲ್ಲ. ನೆರಿಗೆ ಎದ್ದ ಡಾಯ್ಲಿಗೆ ಎಷ್ಟು ಗಂಜಿ ಹಾಕಿ ಇಸ್ತ್ರಿ ಒತ್ತಿದರೂ ನಾಲ್ಕು ದಿನದ ತೇವದ ಗಾಳಿಗೆ ಅದು ಮತ್ತೆ ಏಳುತ್ತದೆ. ಲೆಕ್ಕ ಸರಿಯಿದ್ದರೆ ಗಂಜಿ ಇಲ್ಲದೆಯೂ ಕೂರುತ್ತದೆ.

ನೂಲು, ಕಡ್ಡಿ

ನೂಲು 20ನೇ ನಂಬರಿನ ಮರ್ಸರೈಸ್ಡ್ ಹತ್ತಿ, ಬಿಳಿ. ನಂಬರು ಹೆಚ್ಚಿದಷ್ಟೂ ನೂಲು ಸಪೂರ: 10 ದಪ್ಪ, 20 ನಡುವಿನದು, 40 ತೀರ ಸಪೂರ. ಇದಕ್ಕೆ ಬೇಕಾದದ್ದು 30ರಿಂದ 35 ಮೀಟರ್ ಅಷ್ಟೇ, 20 ಗ್ರಾಮಿನ ಒಂದು ಉಂಡೆಯಲ್ಲಿ ಧಾರಾಳ ಮೂರು ಡಾಯ್ಲಿ ಆಗುತ್ತದೆ. ಅಂಗಡಿಯಲ್ಲಿ ‘ಕ್ರೋಶಾ ನೂಲು’ ಎಂದರೆ ಕೆಲವೊಮ್ಮೆ ಮರ್ಸರೈಸ್ ಮಾಡದ ಮಂಕು ಹತ್ತಿನೂಲನ್ನು ಕೊಡುತ್ತಾರೆ. ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿ: ಮೇಲೆ ಸಣ್ಣ ರೋಮದ ಹಾಗೆ ಎದ್ದಿದ್ದರೆ ಅದು ಡಾಯ್ಲಿಗಲ್ಲ, ಎರಡು ಸಲ ತೊಳೆಯುವಾಗ ಜಾಲರಿಯ ತೂತುಗಳೆಲ್ಲ ಮಸುಕಾಗುತ್ತವೆ. ಹತ್ತಿನೂಲನ್ನು ಕಾಸ್ಟಿಕ್ ಸೋಡದಲ್ಲಿ ಹದ ಮಾಡುವ ವಿಧಾನವನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಹಿಡಿದ. ಹೆಸರು ಬಂದದ್ದು ಅಲ್ಲಿಂದ. ಹೀಗೆ ಹದವಾದ ಎಳೆ ದುಂಡಗೆ, ನುಣುಪಾಗಿ, ಗಟ್ಟಿಯಾಗಿ ಇರುತ್ತದೆ. ಬಿಚ್ಚಿ ಮತ್ತೆ ಹೆಣೆದರೂ ತಡೆಯುತ್ತದೆ. ಈ ಡಾಯ್ಲಿಯಲ್ಲಿ ಆ ಗುಣ ಎರಡು ಸಲ ಉಪಯೋಗಕ್ಕೆ ಬಂತು.

ಕಡ್ಡಿ 1.25 ಮಿಲಿಮೀಟರಿನ ಉಕ್ಕಿನದು. 10ನೇ ನಂಬರಿನ ನೂಲಾದರೆ 1.5, 40 ಆದರೆ 1.0. ಕಡ್ಡಿಯ ಮೇಲೆ ಕೊರೆದ ಬರೀ ನಂಬರನ್ನು ನಂಬಬೇಡಿ, ಒಂದೊಂದು ದೇಶದ ಲೆಕ್ಕ ಒಂದೊಂದು ಥರ. ಮಿಲಿಮೀಟರು ಬರೆದದ್ದನ್ನೇ ಕೊಳ್ಳಿ. ಕೊಕ್ಕೆಯ ಬಾಯಿಯನ್ನು ಉಗುರಿನ ಮೇಲೆ ಉಜ್ಜಿ ನೋಡಬೇಕು. ಗೀರುತ್ತದೆ ಎಂದಾದರೆ ಅಲ್ಲಿ ಮುಳ್ಳು ಉಳಿದಿದೆ, ಅದು ಪ್ರತಿ ಕಂಬದಲ್ಲೂ ನೂಲನ್ನು ಸೀಳುತ್ತದೆ. ತೀರ ನಯವಾದ ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ನಾಲ್ಕೈದು ಸಲ ಎಳೆದರೆ ಸರಿಯಾಗುತ್ತದೆ.

ಉಂಡೆ ನೆಲದ ಮೇಲೆ ಉರುಳದಂತೆ ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಇಟ್ಟುಕೊಳ್ಳುವುದು ಒಳ್ಳೆಯದು. ಕೆಂಪು ಪಾಲಿಶಿನ ನೆಲದಲ್ಲಿ ಬಿಳಿ ನೂಲು ಒಮ್ಮೆ ಉರುಳಿದರೆ ನಸುಗೆಂಪು ಹತ್ತಿಕೊಳ್ಳುತ್ತದೆ, ಸೋಪಿಗೂ ಪೂರ್ತಿ ಹೋಗುವುದಿಲ್ಲ. ಕಣ್ಣು ಇರುವ ಅರ್ಧ ಗೆರಟೆಯನ್ನು ಹೊರಗೂ ಒಳಗೂ ಕೆರೆದು ನಯ ಮಾಡಿ, ಉಂಡೆಯ ಮೇಲೆ ಕವುಚಿ, ತೂತಾದ ಕಣ್ಣಿನಿಂದ ನೂಲನ್ನು ಮೇಲಕ್ಕೆ ಎಳೆದುಕೊಂಡರೆ ಉಂಡೆ ಒಳಗೇ ತಿರುಗುತ್ತದೆ. ತೂತಿನ ಅಂಚನ್ನು ಮಾತ್ರ ಸರಿಯಾಗಿ ಉಜ್ಜಿರಬೇಕು. ಅಲ್ಲಿ ಒಂದು ನಾರು ಉಳಿದರೂ ನೂಲು ಜಗ್ಗುತ್ತದೆ.

ಹೆಸರುಗಳ ಗೊಂದಲ

ಇಲ್ಲಿ ಬಳಸಿದ ಮಾತುಗಳು ಇವು. ಚೈನು ಎಂದರೆ ಕಡ್ಡಿಗೆ ನೂಲು ಸುತ್ತಿ ಅದರ ಮೇಲಿರುವ ಕುಣಿಕೆಯೊಳಗಿಂದ ಎಳೆಯುವುದು. ಗಿಡ್ಡ ಕಂಬ ಎಂದರೆ ಕಡ್ಡಿಗೆ ನೂಲು ಸುತ್ತದೆ ಚುಚ್ಚಿ, ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಯನ್ನೂ ಒಟ್ಟಿಗೆ ದಾಟಿಸುವುದು. ಕಂಬ ಎಂದರೆ ಒಂದು ಸಲ ಸುತ್ತಿ, ಚುಚ್ಚಿ, ಎರಡೆರಡಾಗಿ ಎರಡು ಸಲ ದಾಟಿಸುವುದು. ಸ್ಲಿಪ್ ಎಂದರೆ ಚುಚ್ಚಿ ಎಳೆದು ನೇರ ದಾಟಿಸುವುದು, ಅದಕ್ಕೆ ಎತ್ತರವಿಲ್ಲ. ಅಮೆರಿಕದ ಪುಸ್ತಕದವರು ನಮ್ಮ ಕಂಬಕ್ಕೆ ‘ಡಬಲ್’ ಎನ್ನುತ್ತಾರೆ, ಬ್ರಿಟಿಷ್ ಪುಸ್ತಕದವರು ಅದಕ್ಕೇ ‘ಟ್ರೆಬಲ್’ ಎನ್ನುತ್ತಾರೆ. ಬ್ರಿಟಿಷರ ‘ಡಬಲ್’ ಎಂದರೆ ನಮ್ಮ ಗಿಡ್ಡ ಕಂಬ. ನಮ್ಮಲ್ಲಿ ಎರಡೂ ಬಗೆಯ ಹಳೆಯ ಪುಸ್ತಕಗಳು ಕೈಯಿಂದ ಕೈಗೆ ಓಡಾಡುತ್ತವೆ. ಪುಸ್ತಕದಲ್ಲಿ ‘ಸಿಂಗಲ್’ ಎಂಬ ಮಾತು ಎಲ್ಲಾದರೂ ಕಂಡರೆ ಅದು ಹೆಚ್ಚಾಗಿ ಅಮೆರಿಕದ ಲೆಕ್ಕ ಎಂದು ತಿಳಿಯಿರಿ. ಇಷ್ಟು ನೋಡಿಕೊಳ್ಳದೆ ಶುರುಮಾಡಿದ ಡಾಯ್ಲಿ ಮೂರನೇ ಸುತ್ತಿಗೇ ಕೈಕೊಡುತ್ತದೆ.

ಚಿಪ್ಪು ಎಂದಲ್ಲೆಲ್ಲ ಒಂದೇ ಕಡೆ 2 ಕಂಬ, 2 ಚೈನು, 2 ಕಂಬ. ಕವಲು ಎಂದರೆ ಒಂದೇ ಕಡೆ 1 ಕಂಬ, 3 ಚೈನು, 1 ಕಂಬ.

ಕೈ ಅಳತೆ

ಶುರುಮಾಡುವ ಮೊದಲು ಒಂದು ತುಂಡು ಹೆಣೆದು ಅಳೆಯಲಾಯಿತು. 10 ಕಂಬ ಸಾಲಾಗಿ 23 ಮಿಲಿಮೀಟರ್, 10 ಚೈನು 19 ಮಿಲಿಮೀಟರ್, ಒಂದು ಕಂಬದ ಎತ್ತರ 5 ಮಿಲಿಮೀಟರ್. ಈ ಮೂರು ಸಂಖ್ಯೆ ಗೊತ್ತಿದ್ದರೆ ಯಾವ ಡಾಯ್ಲಿಯನ್ನೂ ಹೆಣೆಯುವ ಮುಂಚೆಯೇ ಕಾಗದದ ಮೇಲೆ ಪರೀಕ್ಷೆ ಮಾಡಬಹುದು.

ಲೆಕ್ಕ ಹೀಗೆ. ಒಂದು ಸುತ್ತು ಕಂಬ ಹಾಕಿದರೆ ವೃತ್ತದ ತ್ರಿಜ್ಯ ಕಂಬದ ಎತ್ತರದಷ್ಟು ಬೆಳೆಯುತ್ತದೆ. ಆಗ ಸುತ್ತಳತೆ ಅದರ 6.28 ಪಟ್ಟು ಬೆಳೆಯಲೇಬೇಕು. ಕಂಬದ ಎತ್ತರ ಅದರ ಅಗಲದ ಸುಮಾರು ಎರಡು ಪಟ್ಟು ಇರುವುದರಿಂದ ಪ್ರತಿ ಸುತ್ತಿಗೂ 12 ಕಂಬದಷ್ಟು ಜಾಗ ಹೆಚ್ಚಬೇಕು. ಗಿಡ್ಡ ಕಂಬ ಎತ್ತರದಲ್ಲೂ ಅಗಲದಲ್ಲೂ ಹೆಚ್ಚುಕಮ್ಮಿ ಸಮ, ಅದಕ್ಕೆ 6 ಸಾಕು. ಕಡ್ಡಿಗೆ ಎರಡು ಸಲ ಸುತ್ತಿ ಹಾಕುವ ಉದ್ದ ಕಂಬಕ್ಕೆ 18 ಬೇಕು. ಇದಕ್ಕಿಂತ ಕಮ್ಮಿ ಹೆಚ್ಚಿಸಿದರೆ ಹೆಣಿಗೆ ಬಟ್ಟಲಿನ ಹಾಗೆ ಕವುಚಿಕೊಳ್ಳುತ್ತದೆ, ಜಾಸ್ತಿ ಆದರೆ ನೆರಿಗೆ ಏಳುತ್ತದೆ. ಬೇರೆ ಯಾವ ಗುಟ್ಟೂ ಇಲ್ಲ.

ನಡುವಿನ ಬಲೆ, ಸುತ್ತು 1ರಿಂದ 5

6 ಚೈನು ಹಾಕಿ ಸ್ಲಿಪ್‌ನಿಂದ ಉಂಗುರ ಮಾಡಿ. ಸುತ್ತು 1: 3 ಚೈನು (ಇದೇ ಮೊದಲ ಕಂಬ), ಉಂಗುರದೊಳಗೆ ಇನ್ನು 17 ಕಂಬ, ಒಟ್ಟು 18. ಮೂರನೇ ಚೈನಿನ ತಲೆಗೆ ಸ್ಲಿಪ್. ನೂಲಿನ ಬಾಲವನ್ನು ಉಂಗುರದ ಜೊತೆಗೇ ಹಿಡಿದು ಅದರ ಮೇಲೆ ಕಂಬ ಹಾಕುತ್ತ ಹೋದರೆ ಕೊನೆಗೆ ಬಾಲ ಎಳೆದು ತೂತನ್ನು ಸ್ವಲ್ಪ ಬಿಗಿ ಮಾಡಬಹುದು.

ಸುತ್ತು 2: 4 ಚೈನು, ಮುಂದಿನ ಕಂಬದ ಮೇಲೆ 1 ಕಂಬ, 1 ಚೈನು, ಹೀಗೆ ಸುತ್ತಲೂ. 18 ಕಂಬ, ಅವುಗಳ ನಡುವೆ 18 ಕಿಟಕಿ. ಮುಗಿಸುವಾಗ ಸ್ಲಿಪ್ ಬೀಳಬೇಕಾದದ್ದು ಮೊದಲ 4 ಚೈನಿನ ಮೂರನೆಯದರಲ್ಲಿ. ಸುತ್ತು 3: 5 ಚೈನು, ಕಂಬದ ಮೇಲೆ ಕಂಬ, ನಡುವೆ 2 ಚೈನು. ಸುತ್ತು 4: 6 ಚೈನು, ಕಂಬದ ಮೇಲೆ ಕಂಬ, ನಡುವೆ 3 ಚೈನು. ಮೂರರಲ್ಲೂ ಮುಗಿಸುವುದು ಮೂರನೇ ಚೈನಿನಲ್ಲೇ.

ಸುತ್ತು 5 ಗಟ್ಟಿ ಸುತ್ತು: ಪ್ರತಿ ಕಂಬದ ಮೇಲೆ 1 ಕಂಬ, ಪ್ರತಿ ಕಿಟಕಿಯಲ್ಲಿ 3 ಕಂಬ. 18 ನಾಲ್ಕಲೆ 72.

ಮೊದಲ ಸಲ ಬಿಚ್ಚಿದ್ದು ಇಲ್ಲಿ. ಐದನೇ ಸುತ್ತು ಮುಗಿದಾಗ ಎಣಿಸಿದರೆ 68. ಅನಾನಸು ಆರು ಬರಬೇಕಾದರೆ ಆರರಿಂದ ಭಾಗ ಹೋಗಬೇಕು, 68 ಹೋಗುವುದಿಲ್ಲ. ಒಂದೆರಡು ಕಡೆ ಕಂಬ ಸೇರಿಸಿ 72 ಮಾಡಿಬಿಡೋಣ ಎನಿಸುತ್ತದೆ, ಹಾಗೆ ಮಾಡಬಾರದು. ಸರಿಯಾಗಿ 4 ಕಮ್ಮಿ ಬಂದಿದೆ ಎಂದರೆ ಕಳೆದುಹೋದದ್ದು ನಾಲ್ಕು ಬಿಡಿ ಕಂಬ ಅಲ್ಲ, ಒಂದು ಇಡೀ ಕಿಟಕಿ. ಹಿಂದಕ್ಕೆ ನೋಡುತ್ತ ಹೋದಾಗ ತಪ್ಪು ಸಿಕ್ಕಿದ್ದು ಎರಡನೇ ಸುತ್ತಿನ ಕೊನೆಯಲ್ಲಿ: ಸ್ಲಿಪ್ ಮೂರನೇ ಚೈನಿಗೆ ಬೀಳುವ ಬದಲು ನಾಲ್ಕನೆಯದಕ್ಕೆ ಬಿದ್ದಿತ್ತು. ಮೊದಲ ಮೂರು ಚೈನು ಕಂಬ, ನಾಲ್ಕನೆಯದು ಕಿಟಕಿಯ ಮೇಲ್ದಾರ. ಅದಕ್ಕೇ ಗಂಟು ಬಿದ್ದರೆ ಮೊದಲ ಕಿಟಕಿ ಮುಚ್ಚಿಹೋಗುತ್ತದೆ, ಮೂರನೇ ಸುತ್ತಿನಲ್ಲಿ ಕೈ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. 17 ಕಿಟಕಿ, 17 ನಾಲ್ಕಲೆ 68. ಮೂರು ಸುತ್ತು ಬಿಚ್ಚಿ ಎರಡನೆಯದರ ಜೋಡಣೆ ಸರಿಮಾಡಿ ಮತ್ತೆ ಹೆಣೆದದ್ದು ಒಂದು ಗಂಟೆಯ ಕೆಲಸ. 3 ಚೈನು ಹಾಕಿದ ಕೂಡಲೇ ಮೂರನೆಯದಕ್ಕೆ ಬಣ್ಣದ ನೂಲಿನ ಒಂದು ತುಂಡು ಸಿಕ್ಕಿಸಿ ಇಟ್ಟರೆ ಈ ತಪ್ಪು ಆಗುವುದೇ ಇಲ್ಲ.

72 ಕಂಬ ಬಂದಾಗ ಹೆಣಿಗೆಯನ್ನು ಮೇಜಿನ ಮೇಲೆ ಹಾಕಿ ಅಳೆಯಿರಿ. ಅಡ್ಡಳತೆ ಸುಮಾರು 54 ಮಿಲಿಮೀಟರ್ ಇರಬೇಕು. ಸುತ್ತಳತೆ 170, ಕಂಬಗಳ ಅಗಲ 72 × 2.3 ಅಂದರೆ 166. ತಾಳೆಯಾಯಿತು. ಇಲ್ಲಿ ಅದು ನಿಜವಾಗಿಯೂ ಇಸ್ತ್ರಿ ಹಾಕಿದ ಹಾಗೆ ಕೂರುತ್ತದೆ.

ಅನಾನಸಿನ ಬುಡ, ಸುತ್ತು 6ರಿಂದ 8

ಸುತ್ತು 6: ಒಂದು ಕಂಬದ ಮೇಲೆ ಚಿಪ್ಪು, 3 ಚೈನು, 5 ಕಂಬ ಬಿಟ್ಟು ಮುಂದಿನದರಲ್ಲಿ ಕವಲು, 3 ಚೈನು, 5 ಕಂಬ ಬಿಡಿ. ಹೀಗೆ ಆರು ಸಲ. ಒಂದೊಂದು ಪಾಲಿಗೆ 12 ಕಂಬ ಖರ್ಚು. ಮೊದಲ ಚಿಪ್ಪಿನ ಮೊದಲ ಕಂಬ ಎಂದಿನಂತೆ 3 ಚೈನು.

ಇಲ್ಲಿಂದ ಮುಂದೆ ಪ್ರತಿ ಸುತ್ತು ಶುರುವಾಗುವುದು ಚಿಪ್ಪಿನ ನಡುವಿನ ತೂತಿನಿಂದ. ಹಿಂದಿನ ಸುತ್ತು ಮುಗಿದ ಜಾಗ ಚಿಪ್ಪಿನ ಮೊದಲ ಕಂಬದ ತಲೆ. ಅಲ್ಲಿಂದ ಎರಡನೇ ಕಂಬದ ಮೇಲೆ ಒಂದು ಸ್ಲಿಪ್, ತೂತಿನಲ್ಲಿ ಒಂದು ಸ್ಲಿಪ್, ಆಮೇಲೆ 3 ಚೈನು. ಈ ಸ್ಲಿಪ್‌ಗಳನ್ನು ಸಡಿಲವಾಗಿ ಹಾಕಬೇಕು. ಬಿಗಿಯಾದರೆ ಡಾಯ್ಲಿಯ ಆ ಒಂದು ಕಡೆ ಉದ್ದಕ್ಕೂ ಎಳೆದುಕೊಂಡ ಗೆರೆ ಕಾಣುತ್ತದೆ.

ಸುತ್ತು 7: ಚಿಪ್ಪಿನ ಮೇಲೆ ಚಿಪ್ಪು, 2 ಚೈನು, ಕವಲಿನ 3 ಚೈನಿನ ಕೊಂಡಿಯಲ್ಲಿ 7 ಕಂಬ, 2 ಚೈನು. ಸುತ್ತು 8: ಚಿಪ್ಪಿನ ಮೇಲೆ ಚಿಪ್ಪು, 1 ಚೈನು, ಆ 7 ಕಂಬಗಳ ಮೇಲೆ ಒಂದೊಂದು ಕಂಬ, ಕಂಬ ಕಂಬದ ನಡುವೆ 1 ಚೈನು, ಕೊನೆಗೆ 1 ಚೈನು.

ಈ 7 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಮೊದಲು ಹೆಣೆದದ್ದು 10 ಕಂಬದ ಬುಡ, ಅಕ್ಕಪಕ್ಕ 2 ಚೈನು. ಅನಾನಸು ದೊಡ್ಡದಾಗಿ ಬರಲಿ ಎಂಬ ಆಸೆಗೆ ಹಾಗೆ. ಏಳನೇ ಸುತ್ತಿನಲ್ಲಿ ಏನೂ ಗೊತ್ತಾಗಲಿಲ್ಲ, ಎಂಟರಲ್ಲಿ ಅಂಚು ಸೀರೆಯ ನೆರಿಗೆಯ ಹಾಗೆ ಎದ್ದು ನಿಂತಿತು. ಕೈಯಿಂದ ಒತ್ತಿದರೆ ಒಂದು ಕಡೆ ಕೂರುತ್ತಿತ್ತು, ಇನ್ನೊಂದು ಕಡೆ ಏಳುತ್ತಿತ್ತು. ಲೆಕ್ಕ ಹಾಕಿದಾಗ ಕಾರಣ ಕಣ್ಣಿಗೆ ಹೊಡೆಯಿತು. ಎಂಟನೇ ಸುತ್ತಿನ ಅಂಚಿಗೆ ತ್ರಿಜ್ಯ 42 ಮಿಲಿಮೀಟರ್, ಸುತ್ತಳತೆ 264. ಹೆಣೆದದ್ದು ಒಂದು ಪಾಲಿಗೆ 14 ಕಂಬ ಮತ್ತು 15 ಚೈನು, ಅಂದರೆ 32.2 ಕೂಡಿಸು 28.5, ಹತ್ತಿರ ಹತ್ತಿರ 61 ಮಿಲಿಮೀಟರ್. ಆರು ಪಾಲಿಗೆ 364. ನೂರು ಮಿಲಿಮೀಟರ್ ಹೆಚ್ಚುವರಿ ಹೆಣಿಗೆಗೆ ಮಲಗಲು ಜಾಗವೇ ಇಲ್ಲ, ಅದು ಏಳದೆ ಇನ್ನೇನು ಮಾಡೀತು? ಬುಡವನ್ನು 7 ಕಂಬಕ್ಕೆ ಇಳಿಸಿ, ಎಂಟನೇ ಸುತ್ತಿನ ಪಕ್ಕದ ಚೈನನ್ನು 2ರಿಂದ 1 ಮಾಡಿದಾಗ ಒಂದು ಪಾಲಿಗೆ 11 ಕಂಬ, 10 ಚೈನು, 44.3 ಮಿಲಿಮೀಟರ್. ಆರು ಪಾಲು 266. ಬೇಕಾದದ್ದು 264.

ಅನಾನಸಿನಲ್ಲಿ ಮೋಸವಾಗುವುದು ಯಾವಾಗಲೂ ಈ ‘ನಡುವೆ 1 ಚೈನು’ ಸುತ್ತಿನಲ್ಲೇ. ಅದಕ್ಕೆ ಹಿಂದಿನ ಸುತ್ತಿನಲ್ಲಿ ಕಂಬಗಳು ಒತ್ತೊತ್ತಾಗಿ ಇರುವುದರಿಂದ ತಪ್ಪು ಅಡಗಿರುತ್ತದೆ, ನಡುವೆ ಚೈನು ಬಂದ ಕೂಡಲೇ ಹೊರಬೀಳುತ್ತದೆ. ಹತ್ತು ಕಂಬದ ಬುಡವೇ ಬೇಕು ಎನ್ನುವವರು ನಡುವಿನ ಬಲೆಗೆ ಇನ್ನೂ ಮೂರು ನಾಲ್ಕು ಸುತ್ತು ಸೇರಿಸಿ ತ್ರಿಜ್ಯವನ್ನು ಬೆಳೆಸಿಕೊಂಡ ಮೇಲೆ ಅನಾನಸು ಶುರುಮಾಡಬೇಕು.

ಅನಾನಸು ಸಪೂರವಾಗುತ್ತ, ಸುತ್ತು 9ರಿಂದ 14

ಇಲ್ಲಿಂದ ಅನಾನಸಿನ ಮೈ ಕೊಂಡಿಗಳಿಂದ ಆಗುತ್ತದೆ. ಪ್ರತಿ ಸುತ್ತಿಗೆ ಒಂದೊಂದು ಕೊಂಡಿ ಕಮ್ಮಿ: 5, 4, 3, 2, 1. ಕೊಂಡಿ ಎಂದರೆ 3 ಚೈನು, ಎರಡು ಗಿಡ್ಡ ಕಂಬಗಳ ನಡುವೆ.

ಸುತ್ತು 9: ಚಿಪ್ಪು, 3 ಚೈನು, 7 ಕಂಬಗಳ ನಡುವಿನ ಮೊದಲ ತೂತಿನಲ್ಲಿ ಗಿಡ್ಡ ಕಂಬ, 3 ಚೈನು, ಮುಂದಿನ ತೂತಿನಲ್ಲಿ ಗಿಡ್ಡ ಕಂಬ, ಹೀಗೆ ಆರೂ ತೂತಿಗೆ. ಆಮೇಲೆ 3 ಚೈನು. ಆರು ಗಿಡ್ಡ ಕಂಬ, ಐದು ಕೊಂಡಿ. ಚಿಪ್ಪಿಗೂ ಅನಾನಸಿಗೂ ನಡುವೆ ಇರುವ ಆ 1 ಚೈನಿನ ತೂತಿಗೆ ಚುಚ್ಚಬಾರದು. ಚುಚ್ಚಿದರೆ ಕೊಂಡಿ ಏಳಾಗಿ, ಅನಾನಸು ಎಂದಿಗೂ ಹೇಳಿದ ಸುತ್ತಿನಲ್ಲಿ ಮುಗಿಯುವುದಿಲ್ಲ.

ಸುತ್ತು 10: ಚಿಪ್ಪು, 5 ಚೈನು, ಐದು ಕೊಂಡಿಗಳಿಗೆ ಒಂದೊಂದು ಗಿಡ್ಡ ಕಂಬ, ನಡುವೆ 3 ಚೈನು, ಕೊನೆಗೆ 5 ಚೈನು. ನಾಲ್ಕು ಕೊಂಡಿ ಉಳಿಯುತ್ತದೆ.

ಸುತ್ತು 11ರಲ್ಲಿ ಚಿಪ್ಪು ಎರಡಾಗಲು ತಯಾರಾಗುತ್ತದೆ. ಚಿಪ್ಪಿನ ತೂತಿನಲ್ಲಿ 2 ಕಂಬ, 2 ಚೈನು, 2 ಕಂಬ, 2 ಚೈನು, 2 ಕಂಬ. ಆಮೇಲೆ 5 ಚೈನು, ಅನಾನಸಿನಲ್ಲಿ ಮೂರು ಕೊಂಡಿ, 5 ಚೈನು. ಸುತ್ತು 12: ಆ ಎರಡು ತೂತುಗಳಲ್ಲಿ ಒಂದೊಂದು ಚಿಪ್ಪು, ಅವುಗಳ ನಡುವೆ 3 ಚೈನು. ನಂತರ 6 ಚೈನು, ಎರಡು ಕೊಂಡಿ, 6 ಚೈನು. ಸುತ್ತು 13: ಚಿಪ್ಪು, 7 ಚೈನು, ಚಿಪ್ಪು, 6 ಚೈನು, ಒಂದೇ ಕೊಂಡಿ, 6 ಚೈನು.

ಸುತ್ತು 14: ಚಿಪ್ಪು, 5 ಚೈನು, ಹಿಂದಿನ ಸುತ್ತಿನ 7 ಚೈನಿನ ಕಮಾನಿನಲ್ಲಿ ಕವಲು, 5 ಚೈನು, ಚಿಪ್ಪು, 4 ಚೈನು, ಉಳಿದ ಒಂದು ಕೊಂಡಿಯಲ್ಲಿ ಗಿಡ್ಡ ಕಂಬ, 4 ಚೈನು. ಅನಾನಸಿನ ತುದಿ ಮುಚ್ಚಿತು.

ಗಮನಿಸಿ: ಅನಾನಸು ಕಿರಿದಾಗುತ್ತ ಹೋದಂತೆ ಪಕ್ಕದ ಚೈನು 3, 5, 5, 6, 6 ಎಂದು ಬೆಳೆಯುತ್ತಿದೆ, ಒಂದು ಚಿಪ್ಪು ಎರಡಾಗಿದೆ. ಅನಾನಸು ಬಿಟ್ಟುಕೊಟ್ಟ ಜಾಗವನ್ನು ಇವು ತುಂಬಬೇಕು, ಅದರ ಮೇಲೆ ಆ ಸುತ್ತಿಗೆ ಸಲ್ಲಬೇಕಾದ ಹೆಚ್ಚಳವೂ ಬೇಕು. ಹೆಣೆಯುವಾಗ ಒಂದು ಕಡೆ 6ರ ಬದಲು 5 ಚೈನು ಹಾಕಿದರೆ ಆ ಅನಾನಸಿನ ತಲೆ ಒಂದು ಬದಿಗೆ ವಾಲುತ್ತದೆ. ಪಿನ್ನು ಚುಚ್ಚಿ ಎಳೆದರೂ ಆ ವಾಲಿಕೆ ಹೋಗುವುದಿಲ್ಲ.

ಕೈ ಬೆವರುವ ಊರು ನಮ್ಮದು. ಬೆವರಿದ ಬೆರಳಲ್ಲಿ ನೂಲು ಜಾರುವುದಿಲ್ಲ, ಗೊತ್ತಿಲ್ಲದ ಹಾಗೆ ಚೈನು ಬಿಗಿಯಾಗುತ್ತ ಹೋಗುತ್ತದೆ. ಬೆಳಿಗ್ಗೆ ಹೆಣೆದ ಅನಾನಸಿಗೂ ಮಧ್ಯಾಹ್ನ ಹೆಣೆದದ್ದಕ್ಕೂ ಸುಲಭವಾಗಿ ವ್ಯತ್ಯಾಸ ಬರುತ್ತದೆ. ಒಂದು ಸುತ್ತನ್ನು ಒಂದೇ ಕೂರಿಕೆಯಲ್ಲಿ ಮುಗಿಸುವುದು, ಪ್ರತಿ ಅರ್ಧ ಗಂಟೆಗೆ ಕೈ ತೊಳೆದು ಪೂರ್ತಿ ಒರಸಿಕೊಳ್ಳುವುದು, ಇವೆರಡನ್ನು ಪಾಲಿಸಿದರೆ ಆರು ಅನಾನಸೂ ಒಂದೇ ಅಳತೆಗೆ ಬರುತ್ತವೆ.

ಅಂಚು, ಸುತ್ತು 15

ಬೀಸಣಿಗೆ ಎಂದರೆ ಒಂದೇ ತೂತಿನಲ್ಲಿ 4 ಕಂಬ, ಪೀಕಾಟು, 3 ಕಂಬ. ಪೀಕಾಟು ಎಂದರೆ 3 ಚೈನು ಹಾಕಿ ನಾಲ್ಕನೇ ಕಂಬದ ತಲೆಗೇ ಸ್ಲಿಪ್.

ಚಿಪ್ಪಿನಲ್ಲಿ ಬೀಸಣಿಗೆ, 2 ಚೈನು, 5 ಚೈನಿನ ಕಮಾನಿನಲ್ಲಿ ಗಿಡ್ಡ ಕಂಬ, 2 ಚೈನು, ಕವಲಿನಲ್ಲಿ ಬೀಸಣಿಗೆ, 2 ಚೈನು, ಮುಂದಿನ 5 ಚೈನಿನ ಕಮಾನಿನಲ್ಲಿ ಗಿಡ್ಡ ಕಂಬ, 2 ಚೈನು, ಎರಡನೇ ಚಿಪ್ಪಿನಲ್ಲಿ ಬೀಸಣಿಗೆ, 2 ಚೈನು, ಅನಾನಸಿನ ತುದಿಯ ಗಿಡ್ಡ ಕಂಬದ ಮೇಲೆ ಗಿಡ್ಡ ಕಂಬ, 2 ಚೈನು. ಆರು ಸಲ. ಪಾಲಿಗೆ ಮೂರರಂತೆ 18 ಬೀಸಣಿಗೆ, 18 ಪೀಕಾಟು.

ನೂಲು ಕತ್ತರಿಸುವಾಗ ಒಂದು ಗೇಣು ಬಿಡಿ. ಗಂಟು ಹಾಕಬೇಡಿ. ಮೊಂಡು ಮೊನೆಯ ಸೂಜಿಗೆ ಪೋಣಿಸಿ ಬೀಸಣಿಗೆಯ ಕಂಬಗಳ ಬುಡದಲ್ಲಿ 3 ಸೆಂಟಿಮೀಟರ್ ಒಂದು ಕಡೆಗೆ, ಒಂದು ಎಳೆ ಬಿಟ್ಟು 2 ಸೆಂಟಿಮೀಟರ್ ಹಿಂದಕ್ಕೆ ನುಸುಳಿಸಿ ಕತ್ತರಿಸಿ. ಮರ್ಸರೈಸ್ಡ್ ನೂಲು ನುಣುಪು, ಅದರಲ್ಲಿ ಗಂಟು ನಿಲ್ಲುವುದಿಲ್ಲ. ಹಿಂದಕ್ಕೆ ತಿರುಗಿಸಿದ ಬಾಲ ನಿಲ್ಲುತ್ತದೆ. ನಡುವೆ ಉಂಡೆ ಮುಗಿದು ಹೊಸ ನೂಲು ಸೇರಿಸಬೇಕಾದರೂ ಇದೇ ಕ್ರಮ. ಅದನ್ನು ಗಟ್ಟಿ ಕಂಬಗಳ ಜಾಗದಲ್ಲೇ ಮಾಡಬೇಕು, ಚೈನಿನ ಜಾಗದಲ್ಲಿ ಬಾಲ ಅಡಗಿಸಲು ಸ್ಥಳವೇ ಇಲ್ಲ.

ಈ ಕೆಲಸವನ್ನು ಇವತ್ತಿಗೂ ಯಂತ್ರ ಮಾಡುವುದಿಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ‘ಕ್ರೋಶಾ ಲೇಸು’ ಎಂದು ಸಿಗುವುದು ಬೇರೆ ಬಗೆಯ ಯಂತ್ರದ ಹೆಣಿಗೆ. ಕೈಯ ಕ್ರೋಶಾಕ್ಕೆ ಹೆಸರಾದ ಆಂಧ್ರದ ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಕೈಯ ಹೆಣಿಗೆಯೋ ಯಂತ್ರದ್ದೋ ಎಂದು ನೋಡಲು ಒಂದು ಕಂಬದ ತಲೆಯನ್ನು ಹುಡುಕಿ. ಕೈಯದ್ದಾದರೆ ತಲೆಯ ಮೇಲೆ ಜಡೆಯ ಹಾಗೆ ಎರಡು ಎಳೆ ಮಲಗಿರುತ್ತದೆ.

ತೊಳೆದು ಗಂಜಿ ಹಾಕುವುದು

ಹೆಣೆದು ಮುಗಿದ ಡಾಯ್ಲಿ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ. ಕೈಯ ಬೆವರಿಗೆ ಮಂಕಾಗಿ, ಪೀಕಾಟುಗಳೆಲ್ಲ ಒಳಕ್ಕೆ ಸುರುಟಿ, ಅಡ್ಡಳತೆ 15ರ ಆಸುಪಾಸು ಇರುತ್ತದೆ. ಹೆದರಬೇಕಾಗಿಲ್ಲ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಕದಡಿ ಅರ್ಧ ಗಂಟೆ ನೆನೆಸಿ, ಉಜ್ಜದೆ ಅದುಮಿ ತೊಳೆದು, ಮೂರು ನೀರು ಬದಲಿಸಿ. ಹಿಂಡಬಾರದು. ಟವೆಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ.

ಗಂಜಿಗೆ ಇಲ್ಲಿ ಸಿಗುವುದರಲ್ಲಿ ಶ್ರೇಷ್ಠ ಕೂವೆ ಹುಡಿ (ಆರಾರೂಟ್ ಪುಡಿ). 1 ದೊಡ್ಡ ಚಮಚ ಹುಡಿಯನ್ನು 2 ಚಮಚ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ 250 ಮಿಲಿಲೀಟರ್ ನೀರಿಗೆ ಸುರಿದು ಕೈ ಬಿಡದೆ ಕಲಕಿ. ಹಾಲಿನ ಬಿಳುಪು ಹೋಗಿ ಗಾಜಿನ ಹಾಗೆ ತಿಳಿಯಾದ ಕ್ಷಣ ಇಳಿಸಿ. ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಒಂದೊಂದು ಗಂಟು ಕಿಟಕಿಗಳಲ್ಲಿ ಕೂತು ಒಣಗಿ ಬಿಳಿ ಚುಕ್ಕೆಯಾಗುತ್ತದೆ. ಈ ಹದಕ್ಕೆ ಡಾಯ್ಲಿ ಕಾಗದದಷ್ಟು ಗಟ್ಟಿ ನಿಲ್ಲುತ್ತದೆ, ಮೆತ್ತಗೆ ಬೇಕಾದರೆ ಇಷ್ಟೇ ನೀರು ಇನ್ನೊಮ್ಮೆ ಸೇರಿಸಿ. ಕೂವೆ ಸಿಗದಿದ್ದರೆ ಅನ್ನದ ಗಂಜಿತಿಳಿ ಆಗುತ್ತದೆ, ಆದರೆ ಅದು ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯದೇ ಆಗಬೇಕು. ಮನೆಯಲ್ಲಿ ದಿನವೂ ಬೇಯುವ ಕುಚ್ಚಿಲಕ್ಕಿಯ ಗಂಜಿ ಬಿಳಿ ನೂಲಿಗೆ ಕಂದು ಛಾಯೆ ಕೊಡುತ್ತದೆ. ಉಪ್ಪು ಬಿದ್ದಿರಲೂಬಾರದು, ಉಪ್ಪು ತೇವ ಎಳೆಯುತ್ತದೆ.

ಸಕ್ಕರೆ ಪಾಕದಲ್ಲಿ ಅದ್ದಿ ಗಟ್ಟಿ ಮಾಡುವ ಕ್ರಮ ಹಳೆಯ ಪುಸ್ತಕಗಳಲ್ಲಿದೆ. ನಮ್ಮ ಕರಾವಳಿಗೆ ಅದು ಬೇಡ: ಜೂನ್ ಬಂತೆಂದರೆ ಅಂಟಂಟಾಗುತ್ತದೆ, ಇರುವೆ ಸಾಲುಗಟ್ಟುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟನ್ನು ನೀರು ಮಾಡಿ ಹಾಕುವವರೂ ಇದ್ದಾರೆ. ಅದು ಕ್ರಮೇಣ ಹಳದಿಯಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಇಷ್ಟು ಗಂಟೆ ಕೂತು ಹೆಣೆದದ್ದಕ್ಕೆ ಹಾಗೆ ಮಾಡಬಾರದು.

ಪಿನ್ನು ಚುಚ್ಚಿ ಹರಡುವುದು

ಫ್ರಿಜ್ಜು, ಟೀವಿ ಪೆಟ್ಟಿಗೆಯಲ್ಲಿ ಬರುವ ದಪ್ಪ ಥರ್ಮೋಕೋಲು ಹಲಗೆ ಸಾಕು. ಅದರ ಮೇಲೆ ಬಿಳಿ ಕಾಗದ, ಕಾಗದದ ಮೇಲೆ ಪೆನ್ಸಿಲಿನಿಂದ 8.5 ಸೆಂಟಿಮೀಟರ್ ತ್ರಿಜ್ಯದ ವೃತ್ತ, ನಡುವಿನಿಂದ 60 ಡಿಗ್ರಿಗೊಂದರಂತೆ ಆರು ಗೆರೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಪೆನ್ನಿನ ಗೆರೆ, ಪೇಪರಿನ ಅಚ್ಚು ಎರಡೂ ಒದ್ದೆ ನೂಲಿಗೆ ಹತ್ತುತ್ತವೆ.

ಪಿನ್ನು ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದೇ ಬೇಕು. ಟೈಲರು ಬಳಸುವ ಸಾದಾ ಪಿನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಒಂದೇ ರಾತ್ರಿಗೆ ತುಕ್ಕು ಬಿಟ್ಟು, 18 ಪೀಕಾಟಿನಲ್ಲೂ ಒಂದೊಂದು ಕಂದು ಚುಕ್ಕೆ ಬಿಡುತ್ತದೆ. ಹಾಗೆ ಆಗಿಹೋದರೆ ಹಿತ್ತಿಲಿನ ಬಿಂಬುಳಿ ಕಾಯಿಯನ್ನು ಕತ್ತರಿಸಿ ಚುಕ್ಕೆಯ ಮೇಲೆ ತಿಕ್ಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಲಿಂಬೆ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟರೂ ಆದೀತು. ಹುಳಿ ನೂಲಿನಲ್ಲಿ ಉಳಿಯದ ಹಾಗೆ ಆಮೇಲೆ ಚೆನ್ನಾಗಿ ನೀರಲ್ಲಿ ಅದ್ದಿ ತೆಗೆಯಬೇಕು, ಉಳಿದ ಹುಳಿ ಹತ್ತಿಯನ್ನು ತಿನ್ನುತ್ತದೆ.

ಗಂಜಿಯಲ್ಲಿ ಅದ್ದಿ, ಅದುಮಿ, ಮೊದಲು ನಡುವಿನ ಉಂಗುರಕ್ಕೆ ಒಂದು ಪಿನ್ನು. ಆಮೇಲೆ ಆರು ಅನಾನಸಿನ ತುದಿಗಳನ್ನು ಆರು ಗೆರೆಗಳ ಮೇಲೆ ತಂದು ಚುಚ್ಚಿ, ಒಂದನ್ನು ಚುಚ್ಚಿದರೆ ಮುಂದಿನದು ಅದರ ಎದುರಿನದು. ವರಸೆಯಾಗಿ ಸುತ್ತ ಚುಚ್ಚುತ್ತ ಹೋದರೆ ಕೊನೆಯ ಅನಾನಸಿಗೆ ಜಾಗ ಸಾಲುವುದಿಲ್ಲ. ನಂತರ 18 ಪೀಕಾಟು, ಒಂದೊಂದನ್ನೂ ವೃತ್ತದ ಗೆರೆಗೆ ಎಳೆದು, ಪಿನ್ನನ್ನು ಹೊರಕ್ಕೆ ವಾಲಿಸಿ. ಪಿನ್ನು ಪೀಕಾಟಿನ ಒಳಗೆ ನಿಲ್ಲಬೇಕು, ನೂಲನ್ನು ಸೀಳಿಕೊಂಡು ಹೋಗಬಾರದು. ಕಿಟಕಿಗಳಲ್ಲಿ ಗಂಜಿಯ ಪರೆ ಕಟ್ಟಿದ್ದರೆ ಬಾಯಿಯಿಂದ ಊದಿ ಒಡೆಯಿರಿ.

ಬೇಸಗೆಯಲ್ಲಾದರೆ ಚಾವಡಿಯ ನೆರಳಿನಲ್ಲಿ ಎರಡು ಮೂರು ಗಂಟೆಗೆ ಒಣಗುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಅಡಿಯಲ್ಲಿಟ್ಟು ಬೇಗ ಒಣಗಿಸಲೇಬೇಕು. ಒಂದು ದಿನಕ್ಕಿಂತ ಹೆಚ್ಚು ಒದ್ದೆ ಉಳಿದ ಗಂಜಿ ಹುಳಿವಾಸನೆ ಹಿಡಿದು ಬೂಷ್ಟು ಕಟ್ಟುತ್ತದೆ, ಬೂಷ್ಟಿನ ಕರಿ ಚುಕ್ಕೆ ಬಿಳಿ ನೂಲಿನಿಂದ ಸುಲಭಕ್ಕೆ ಹೋಗದು. ಮಳೆ ಬಿಡದೆ ಹೊಯ್ಯುವ ವಾರದಲ್ಲಿ ಗಂಜಿ ಹಾಕದೆ ಬರೀ ನೀರಲ್ಲಿ ಅದ್ದಿ ಪಿನ್ನು ಚುಚ್ಚಿ ಆಕಾರ ಕೊಟ್ಟು ಇಟ್ಟುಕೊಳ್ಳುವುದು ಮೇಲು. ಗಂಜಿಯನ್ನು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಬಿಸಿಲಿಗೆ ಹಾಕಿದರಾಯಿತು.

ಅದೇ ರೀತಿ, ಗಂಜಿ ಹಾಕಿದ ಡಾಯ್ಲಿಯನ್ನು ಮಳೆಗಾಲಕ್ಕೆ ಮಡಚಿ ಕಪಾಟಿನಲ್ಲಿ ಇಡಬಾರದು. ಜಿರಳೆಗೆ ಅದು ಊಟ, ಗಂಜಿಯ ಜೊತೆಗೆ ನೂಲನ್ನೂ ಕತ್ತರಿಸುತ್ತದೆ. ಮೇ ಕೊನೆಗೆ ಗಂಜಿ ತೊಳೆದು, ಗರಿಗರಿ ಒಣಗಿಸಿ, ಮಡಚದೆ ಹಳೆ ಪಂಚೆಯ ತುಂಡಿನಲ್ಲಿ ಸುರುಳಿ ಸುತ್ತಿ ಲಾವಂಚದ ಬೇರಿನ ಜೊತೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ಕಟ್ಟುತ್ತದೆ.

ಪಿನ್ನು ತೆಗೆಯುವ ಮೊದಲು ಗಟ್ಟಿ ಸುತ್ತಿನ 72 ಕಂಬಗಳ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಬೇಕು. ಅಂಚು ಒಣಗಿ ಗರಿಗರಿಯಾಗಿದ್ದರೂ ಆ ಸುತ್ತಿನಲ್ಲಿ ನೂಲು ಒತ್ತಾಗಿರುವುದರಿಂದ ತೇವ ಅಲ್ಲಿ ಕೊನೆಯವರೆಗೆ ಉಳಿಯುತ್ತದೆ. ಕೈಗೆ ತಣ್ಣಗೆ ತಾಗಿದರೆ ಇನ್ನೂ ಒಂದು ಗಂಟೆ ಬಿಡಿ.